ಅಜ್ಜನ ಜೀಪು, ನಾಲ್ಕು ದೀಪ, ಒಂದು ಕಲ್ಲು

ಹೋದ ವರ್ಷದ ಛಟ್ಟಿ ಅಮಾವಾಸ್ಯೆಯ ರಾತ್ರಿ. ಭತ್ತದ ಕೊಯ್ಲಿಗೆಂದು ಖಾಲಿ ಚೀಲಗಳನ್ನು ಹೇರಿಕೊಂಡು ಮಲೇಬೆನ್ನೂರಿನಿಂದ ನಂದಿಗುಡಿಗೆ ಬರುತ್ತಿದ್ದ ನಮ್ಮ ಜೀಪು ಗದ್ದೆ ಬಯಲಿನ ನಡುವೆ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಕೊಯ್ಯದ ಭತ್ತ. ಪಕ್ಕಕ್ಕೆ ತಳ್ಳಿ ನಿಲ್ಲಿಸೋಣವೆಂದರೆ ಆ ರಸ್ತೆಗೆ ಪಕ್ಕ ಅನ್ನುವುದೇ ಇರಲಿಲ್ಲ.

“ಏರ್ ಲಾಕ್ ಆಗೈತಿ. ನೀ ಹಿಂದ ಕಲ್ಲಿಡ್ಲೇ ತಮ್ಮಾ” ಎಂದು ದೊಡ್ಡಪ್ಪ ಬಾನೆಟ್ ಎತ್ತಿದರು.

ಡೀಸೆಲ್ ಪೈಪಿನಲ್ಲಿ ಎಲ್ಲೋ ಗಾಳಿ ಸೇರಿಕೊಂಡರೆ ಎಂಜಿನ್‌ಗೆ ಎಣ್ಣೆ ಹೋಗುವುದಿಲ್ಲ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಕೈಯಿಂದ ಪಂಪ್ ಒತ್ತಬೇಕು. ದೊಡ್ಡಪ್ಪನಿಗೆ ಅದು ನಿದ್ದೆಗಣ್ಣಲ್ಲೂ ಬರುವ ಕೆಲಸ. ನನ್ನ ಕೆಲಸ ಇನ್ನೂ ಸುಲಭದ್ದು. ಕಾಲುವೆ ದಂಡೆಯಿಂದ ಐದು ಕಲ್ಲು ತಂದು ಜೀಪಿನ ಹಿಂದೆ ಸಾಲಾಗಿ ಇಟ್ಟೆ. ಹೊಂಗೆ ಟೊಂಗೆಯೊಂದನ್ನು ಮುರಿದು ಹಿಂದಿನ ಬಾಗಿಲಿಗೆ ಸಿಕ್ಕಿಸಿದೆ. ಅಷ್ಟಾದರೆ ನಮ್ಮ ಕಡೆ ‘ಗಾಡಿ ಕೆಟ್ಟು ನಿಂತಿದೆ’ ಎಂಬ ಬೋರ್ಡು ಹಾಕಿದಂತೆಯೇ.

ಇಪ್ಪತ್ತು ನಿಮಿಷಕ್ಕೆ ಎಂಜಿನ್ ಹತ್ತಿತು. “ಬಾರಲೇ, ಮತ್ತ ಆಫ್ ಆದೀತು” ಎಂದು ದೊಡ್ಡಪ್ಪ ಕೂಗಿದರು. ಕತ್ತಲಲ್ಲಿ ಕಾಲಿನಿಂದಲೇ ಕಲ್ಲುಗಳನ್ನು ಅಂಚಿಗೆ ದೂಡಿ ಓಡಿ ಬಂದು ಹತ್ತಿದೆ. ದೂಡಿದ್ದು ನಾಲ್ಕು. ಐದನೆಯದು ನೆನಪಾಗಿದ್ದು ಮರುದಿನ ಬೆಳಿಗ್ಗೆ, ಚಹಾದಂಗಡಿಯಲ್ಲಿ.

ಪಕ್ಕದ ಊರಿನ ಹುಡುಗನೊಬ್ಬ ಉಕ್ಕಡಗಾತ್ರಿಯಲ್ಲಿ ಅಜ್ಜಯ್ಯನ ದರ್ಶನ ಮುಗಿಸಿ ಬೈಕಿನಲ್ಲಿ ವಾಪಸ್ಸು ಬರುವಾಗ ಕಲ್ಲಿಗೆ ಗಾಲಿ ಬಡಿದು ಬಿದ್ದಿದ್ದ. ಎಡ ಭುಜದ ಕೊರಳೆಲುಬು ಮುರಿದಿತ್ತು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಲಿಖಿತ ಪರೀಕ್ಷೆ ಪಾಸಾಗಿ, ಓಟ, ಜಿಗಿತ, ಗುಂಡೆಸೆತಕ್ಕೆ ದಿನಾ ಬೆಳಿಗ್ಗೆ ತಯಾರಿ ನಡೆಸಿದ್ದವನು. ದೈಹಿಕ ಪರೀಕ್ಷೆಗೆ ಇನ್ನು ಮೂರು ವಾರವಿತ್ತು. “ಯಾವನೋ ಗಾಡಿಯವ ಕಲ್ಲು ಇಟ್ಟು ಹಂಗ ಬಿಟ್ಟು ಹೋಗ್ಯಾನ ನೋಡು” ಎಂದು ಚಹಾ ಸೋಸುತ್ತಿದ್ದವರು ಹೇಳಿದರು. ನಾನು ಲೋಟ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಆ ಯಾವನೋ ನಾನೇ ಆಗಿದ್ದೆ.

ಮಧ್ಯಾಹ್ನದ ಹೊತ್ತಿಗೆ ದೊಡ್ಡಪ್ಪನ ಹತ್ತಿರ ಹೇಳಿದೆ. ಅವರು ಬೈಯಲಿಲ್ಲ, ಅಂಗಿ ಹಾಕಿಕೊಂಡು “ನಡಿ” ಎಂದರು. ಹುಡುಗನ ಮನೆಗೆ ಹೋದೆವು. ಅವನ ಅಪ್ಪ ನಮ್ಮ ಮಾತು ಪೂರ್ತಿ ಕೇಳಿ, “ಎಲ್ರೂ ಇಡ್ತಾರ ಬಿಡ್ರಿ, ನಾನೂ ಟ್ರ್ಯಾಕ್ಟರ್ ಕೆಟ್ಟಾಗ ಇಟ್ಟೀನಿ” ಎಂದರು. ಹುಡುಗ ಏನೂ ಅನ್ನಲಿಲ್ಲ. ಕೈಗೆ ಜೋಳಿಗೆ ಕಟ್ಟಿಕೊಂಡು ಗೋಡೆ ನೋಡುತ್ತಾ ಕುಳಿತಿದ್ದ. ಬೈದಿದ್ದರೆ ಮೇಲಿತ್ತು.

ಆಸ್ಪತ್ರೆ ಖರ್ಚಿನಲ್ಲಿ ಪಾಲು ಕೊಟ್ಟದ್ದು, ಅವರು ಬೇಡವೆಂದದ್ದು, ದೊಡ್ಡಪ್ಪ ಬಿಡದೆ ಕೊಟ್ಟದ್ದು ಮನೆ ಮನೆಗಳ ಮಾತು. ನನ್ನ ತಲೆಯಲ್ಲಿ ಕುಳಿತಿದ್ದು ಬೇರೆ. ಪಕ್ಕದಲ್ಲಿ ಭರ್ರೆಂದು ಹೋಗುವ ಹೊಸ ಕಾರುಗಳಲ್ಲೆಲ್ಲ ಕೆಂಪು ತ್ರಿಕೋನದ ಒಂದು ಬಟನ್ ಇರುತ್ತದೆ. ಒತ್ತಿದರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಟುಕುತ್ತವೆ. ಹಜಾರ್ಡ್ ಲೈಟ್ ಅನ್ನಿ, ನಮ್ಮೂರವರಂತೆ ಡಬಲ್ ಇಂಡಿಕೇಟರ್ ಅನ್ನಿ. ಅದು ನಮ್ಮ ಜೀಪಿನಲ್ಲಿ ಯಾಕಿಲ್ಲ?

ಜೀಪು ಅಜ್ಜ 1991ರಲ್ಲಿ ಕೊಂಡದ್ದು. ಮಹೀಂದ್ರಾ ಎಂಎಂ 540. ನಂಬರ್ ಪ್ಲೇಟು ಕೆಎ 16, ಅಂದರೆ ಚಿತ್ರದುರ್ಗದ್ದು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಹರಿಹರ ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಅಜ್ಜನಿಗೆ ಆ 16ರ ಮೇಲೆ ವಿಪರೀತ ಅಭಿಮಾನ. ಜಿಲ್ಲೆಗಿಂತ ತನ್ನ ಜೀಪು ಹಳೆಯದು ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಈ ಜೀಪಿನ ವಂಶಾವಳಿ ಹುಡುಕುತ್ತಾ ಹೋದಾಗ ನನಗೊಂದು ತಮಾಷೆಯ ಸಂಗತಿ ಸಿಕ್ಕಿತು. ಇದರ ಮುತ್ತಜ್ಜ, ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು. 1941ರಿಂದ 1945ರ ನಡುವೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಅಂಥ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದ್ದವು. ಅದರಲ್ಲಿ ಇಂಡಿಕೇಟರೇ ಇರಲಿಲ್ಲ. ತಿರುಗುವಾಗ ಕೈ ತೋರಿಸಬೇಕು. ಕರೆಂಟು 6 ವೋಲ್ಟಿನದು. ಬದಲಿಗೆ ಬ್ಲ್ಯಾಕ್‌ಔಟ್ ದೀಪಗಳೆಂಬ ಪುಟ್ಟ ದೀಪಗಳಿದ್ದವು. ಮೇಲೆ ಹಾರುವ ವೈರಿ ವಿಮಾನಕ್ಕೆ ಕಾಣಬಾರದು, ಹಿಂದೆ ಬರುವ ನಮ್ಮ ಗಾಡಿಗೆ ಮಾತ್ರ ಕಾಣಬೇಕು ಎಂಬ ಲೆಕ್ಕದಲ್ಲಿ ಮಾಡಿದ ಮಿಣುಕು ಬೆಳಕು. ಅಂದರೆ ರಾತ್ರಿ ಅಡಗಿಕೊಳ್ಳುವುದಕ್ಕೇ ಹುಟ್ಟಿದ ಗಾಡಿ ಇದು. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ ಮಹೀಂದ್ರಾದವರು ಇದನ್ನು ಭಾರತದಲ್ಲಿ ಜೋಡಿಸತೊಡಗಿದರು. ಆಮೇಲೆ ಎಂಜಿನ್ ಬದಲಾಯಿತು, ಡೀಸೆಲ್ ಬಂತು, 12 ವೋಲ್ಟ್ ಬಂತು, ಇಂಡಿಕೇಟರ್ ಬಂತು. ಮುಖ ಮಾತ್ರ ಅದೇ ಉಳಿಯಿತು.

ಕಾನೂನು ಬಂದದ್ದು ತಡವಾಗಿ. ಅಮೆರಿಕದಲ್ಲಿ 1960ರ ದಶಕದ ಕೊನೆಗೇ ಹಜಾರ್ಡ್ ಲೈಟ್ ಕಡ್ಡಾಯವಾಗಿತ್ತು. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 1993ರಲ್ಲಿ ತಿದ್ದುಪಡಿ ಬಂತು. ಕದಲಲಾಗದೆ ನಿಂತ ವಾಹನದ ಎಲ್ಲ ಇಂಡಿಕೇಟರ್‌ಗಳೂ ಒಟ್ಟಿಗೆ ಮಿಟುಕುವ ವ್ಯವಸ್ಥೆ ಇರಬೇಕು ಎಂಬುದು 102ನೇ ನಿಯಮದಲ್ಲಿ ಸೇರಿತು. ಅದೂ ಅಲ್ಲಿಂದಾಚೆಗೆ ತಯಾರಾಗುವ ಗಾಡಿಗಳಿಗೆ. 1991ರ ನಮ್ಮ ಜೀಪು ಎರಡು ವರ್ಷ ಮೊದಲೇ ಹುಟ್ಟಿ ತಪ್ಪಿಸಿಕೊಂಡಿತ್ತು. ಕಾನೂನಿನ ಪ್ರಕಾರ ನಮ್ಮದೇನೂ ತಪ್ಪಿಲ್ಲ ಎಂದು ತಿಳಿದಾಗ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಒಂದು ಹಾಳೆಯಲ್ಲಿ ಲೆಕ್ಕ ಹಾಕಿದೆ. ಗಂಟೆಗೆ 60 ಕಿ.ಮೀ. ವೇಗದ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎದುರಿಗಿರುವುದು ಏನೆಂದು ಗೊತ್ತಾಗಿ ಬ್ರೇಕ್ ಮೇಲೆ ಕಾಲು ಹೋಗುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿಯಿರಿ: 25 ಮೀಟರ್. ಒಣ ಡಾಂಬರಿನ ಮೇಲೆ ಚೆನ್ನಾಗಿ ಬ್ರೇಕ್ ಹಿಡಿದು ನಿಲ್ಲುವುದಕ್ಕೆ ಇನ್ನೊಂದು 23 ಮೀಟರ್. ಒಟ್ಟು 48. ಕತ್ತಲಲ್ಲಿ ಬೈಕಿನ ಡಿಮ್ ಲೈಟಿಗೆ ಮಣ್ಣಿನ ಬಣ್ಣದ ಕಲ್ಲು ಅಷ್ಟು ದೂರದಿಂದ ಕಾಣುವುದು ಕನಸಿನ ಮಾತು. ಕಲ್ಲು ‘ಎಚ್ಚರ’ ಎಂದು ಹೇಳುವುದು ಹಗಲಿನಲ್ಲಿ ಮಾತ್ರ. ರಾತ್ರಿ ಅದೇ ಎಡವುಗಲ್ಲು.

ಡಿಸೆಂಬರ್ ರಜೆಯಲ್ಲಿ ಕೆಲಸ ಶುರು ಮಾಡಿದೆ. ಮೊದಲ ಅಡ್ಡಿ ಅಜ್ಜನದು.

“ಕಂಪ್ನಿಯವ್ರೇ ಕೊಡದಿದ್ದುದ್ನ ನೀನ್ಯಾಕ ಹಾಕ್ತೀಯೋ ಇಂಜಿನಿಯರ?”

“ಅವ್ರು ಆಮ್ಯಾಲೆ ಕೊಟ್ಟಾರಜ್ಜ. ನಿನ್ನ ಜೀಪಿಗೆ ಕೊಡೋದು ಬಿಟ್ಟುಹೋಗೈತಿ.”

ಅಜ್ಜ ಸ್ವಲ್ಪ ಹೊತ್ತು ಯೋಚಿಸಿ ಒಂದೇ ಒಂದು ಷರತ್ತು ಹಾಕಿದರು: ಡ್ಯಾಶ್‌ಬೋರ್ಡಿಗೆ ತೂತು ಹೊಡೆಯಬಾರದು. ಹಳೇ ಜೀಪು ಪ್ರೀತಿಸುವ ಎಲ್ಲರದೂ ಇದೇ ಹಟ. ಬೋಲ್ಟ್ ಕೂಡ ಕಂಪನಿಯದೇ ಇರಬೇಕು ಅನ್ನುವವರಿದ್ದಾರೆ. ನನಗೆ ಅವರ ಮೇಲೆ ಗೌರವವಿದೆ. ಆದರೆ ಅಂಥ ಜೀಪುಗಳು ಹೆಚ್ಚಾಗಿ ಶೆಡ್ಡಿನಲ್ಲಿರುತ್ತವೆ. ನಮ್ಮದು ಗೊಬ್ಬರ ಹೊರುತ್ತದೆ.

ವೈರಿಂಗ್ ಗೊತ್ತಿಲ್ಲದವರಿಗೆ ನಮ್ಮೂರಿನ ಭಾಷೆಯಲ್ಲೇ ಹೇಳುತ್ತೇನೆ. ಬ್ಯಾಟರಿಯನ್ನು ಭದ್ರಾ ಕಾಲುವೆ ಅಂದುಕೊಳ್ಳಿ. ಅಲ್ಲಿಂದ ನೀರು ಕೀಲಿಕೈ ತಿರುಗಿಸುವ ಇಗ್ನಿಷನ್ ಸ್ವಿಚ್ಚಿನ ಮೂಲಕ ಬಂದು, ಫ್ಯೂಸ್ ದಾಟಿ, ಫ್ಲಾಶರ್ ಎಂಬ ಡಬ್ಬಿಗೆ ಬರುತ್ತದೆ. ಬಿಟ್ಟೂ ಬಿಟ್ಟೂ ಹರಿಸುವುದು ಫ್ಲಾಶರ್ ಕೆಲಸ. ‘ಟಿಕ್ ಟಿಕ್’ ಸದ್ದು ಅದರದೇ. ಆಮೇಲೆ ಸ್ಟೀರಿಂಗ್ ಪಕ್ಕದ ಇಂಡಿಕೇಟರ್ ಕಡ್ಡಿ. ಅದು ತೂಬು ಇದ್ದಂತೆ. ಎಡಕ್ಕೆ ತಿರುಗಿಸಿದರೆ ಎಡ ಗದ್ದೆಗೆ ನೀರು, ಬಲಕ್ಕೆ ತಿರುಗಿಸಿದರೆ ಬಲ ಗದ್ದೆಗೆ. ಒಂದೊಂದು ಗದ್ದೆಯಲ್ಲಿ ಎರಡೆರಡು ಬಲ್ಬು, ಮುಂದೊಂದು ಹಿಂದೊಂದು.

ಹಜಾರ್ಡ್‌ಗೆ ಬೇಕಾದದ್ದು ಎರಡೇ. ಎರಡೂ ಗದ್ದೆಗೆ ಒಟ್ಟಿಗೆ ನೀರು ಹೋಗಬೇಕು. ಮತ್ತು ಕೀಲಿಕೈ ಜೇಬಿನಲ್ಲಿದ್ದರೂ ಹೋಗಬೇಕು, ಏಕೆಂದರೆ ಕೆಟ್ಟು ನಿಂತ ಗಾಡಿಯಲ್ಲಿ ಕೀಲಿ ಆನ್ ಇಟ್ಟುಕೊಂಡು ಕೂರುವುದಕ್ಕಾಗುವುದಿಲ್ಲ. ಹೀಗಾಗಿ ಬ್ಯಾಟರಿಯಿಂದ ನೇರವಾಗಿ, ಬೇರೆ ಫ್ಯೂಸ್ ಹಾಕಿ, ಒಂದು ವೈರ್ ತರಬೇಕು.

ಇಷ್ಟೇ ತಾನೇ ಅನ್ನಿಸಿತು. ದಾವಣಗೆರೆಯಿಂದ ಒಂದು ಹೊಸ ಫ್ಲಾಶರ್, ಒಂದು ಸಾದಾ ಆನ್-ಆಫ್ ಸ್ವಿಚ್, ಫ್ಯೂಸ್ ಹೋಲ್ಡರ್, ವೈರ್ ತಂದೆ. ಬ್ಯಾಟರಿಯಿಂದ ಹೊಸ ಫ್ಲಾಶರಿಗೆ, ಅಲ್ಲಿಂದ ಸ್ವಿಚ್ಚಿಗೆ. ಸ್ವಿಚ್ಚಿನ ಆಚೆ ತುದಿಗೆ ಎಡ ಬಲ್ಬುಗಳ ವೈರನ್ನೂ ಬಲ ಬಲ್ಬುಗಳ ವೈರನ್ನೂ ಒಟ್ಟಿಗೆ ಹೊಸೆದು ಸಿಕ್ಕಿಸಿದೆ. ಸ್ವಿಚ್ ಒತ್ತಿದೆ. ನಾಲ್ಕೂ ಮಿಟುಕಿದವು! ಅವ್ವನನ್ನು ಕರೆದು ತೋರಿಸಿದೆ. ತಂಗಿ ವಿಡಿಯೊ ಮಾಡಿದಳು.

ಸಂಜೆ ದೊಡ್ಡಪ್ಪ ಜೀಪು ತೆಗೆದುಕೊಂಡು ಹೋದವರು ಹತ್ತು ನಿಮಿಷಕ್ಕೆ ವಾಪಸ್ಸು. “ಎಡಕ್ಕ ಹಾಕಿದ್ರೂ ನಾಕೂ ಹೊಡಿತಾವ, ಬಲಕ್ಕ ಹಾಕಿದ್ರೂ ನಾಕೂ ಹೊಡಿತಾವ. ನಾ ಯಾವ ಕಡಿ ಹೋಗ್ಲಿ?”

ಒಂದು ಕ್ಷಣ ತಲೆ ಓಡಲಿಲ್ಲ. ಆಮೇಲೆ ನಗು ಬಂತು. ಎರಡು ವೈರನ್ನು ಒಟ್ಟಿಗೆ ಹೊಸೆದು ನಾನು ಎರಡು ಗದ್ದೆಯ ನಡುವಿನ ಬದುವನ್ನೇ ಒಡೆದುಹಾಕಿದ್ದೆ. ಸ್ವಿಚ್ ಆಫ್ ಇದ್ದರೂ ಎಡ ಗದ್ದೆಗೆ ಬಿಟ್ಟ ನೀರು ಬಲ ಗದ್ದೆಗೂ ಹರಿಯುತ್ತಿತ್ತು. ಬೇಕಾದದ್ದು ಎರಡು ಪೋಲಿನ ಸ್ವಿಚ್: ಒಂದೇ ಗುಂಡಿ, ಒಳಗೆ ಬೇರೆ ಬೇರೆ ಎರಡು ದಾರಿ. ಆನ್ ಆದಾಗ ಎರಡೂ ಕೂಡುತ್ತವೆ, ಆಫ್ ಆದಾಗ ಎಡಬಲಕ್ಕೆ ಸಂಬಂಧವೇ ಇರುವುದಿಲ್ಲ. ಪರೀಕ್ಷೆಯಲ್ಲಿ ಇದರ ಚಿತ್ರ ಬಿಡಿಸು ಎಂದಿದ್ದರೆ ಎರಡು ನಿಮಿಷದಲ್ಲಿ ಬಿಡಿಸುತ್ತಿದ್ದೆ.

ಎರಡು ಪೋಲಿನ ಸ್ವಿಚ್ ಹಾಕಿದ ಮೇಲೆ ಇನ್ನೆರಡು ವಿಚಿತ್ರ ಕಂಡವು. ಡ್ಯಾಶ್‌ಬೋರ್ಡಿನಲ್ಲಿ ಇಂಡಿಕೇಟರ್ ಹಾಕಿದ್ದು ಗೊತ್ತಾಗುವುದಕ್ಕೆ ಒಂದು ಹಸಿರು ಪುಟಾಣಿ ಬಲ್ಬಿದೆ. ಹಜಾರ್ಡ್ ಹಾಕಿದಾಗ ಹೊರಗೆ ನಾಲ್ಕೂ ಹೊಡೆಯುತ್ತಿದ್ದರೂ ಅದು ಮಾತ್ರ ಸತ್ತಂತೆ ಕೂತಿರುತ್ತಿತ್ತು. ಬಲ್ಬು ಬದಲಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ವೈರ್ ಹಿಡಿದುಕೊಂಡು ಹೋದಾಗ ಗೊತ್ತಾಯಿತು: ಆ ಪುಟಾಣಿಯ ಒಂದು ಕಾಲು ಎಡ ವೈರಿನಲ್ಲಿ, ಇನ್ನೊಂದು ಕಾಲು ಬಲ ವೈರಿನಲ್ಲಿ. ಎಡ ಇಂಡಿಕೇಟರ್ ಹಾಕಿದರೆ ಕರೆಂಟು ಅದರ ಮೂಲಕ ಬಲಗಡೆಯ ದೊಡ್ಡ ಬಲ್ಬುಗಳಿಗೆ ಹೋಗಿ ಅರ್ಥ್ ಸೇರುತ್ತದೆ. ಅಷ್ಟು ಸಣ್ಣ ಕರೆಂಟಿಗೆ ದೊಡ್ಡ ಬಲ್ಬು ಉರಿಯುವುದಿಲ್ಲ, ಪುಟಾಣಿ ಮಾತ್ರ ಉರಿಯುತ್ತದೆ. ಹಜಾರ್ಡ್‌ನಲ್ಲಿ ಎರಡೂ ಕಡೆ ಒಂದೇ 12 ವೋಲ್ಟ್. ಎರಡು ಗದ್ದೆಯಲ್ಲೂ ನೀರು ಒಂದೇ ಮಟ್ಟದಲ್ಲಿದ್ದರೆ ನಡುವಿನ ಕೊಳವೆಯಲ್ಲಿ ಏನು ಹರಿದೀತು? ಒಂದೇ ಬಲ್ಬಿನಲ್ಲಿ ಎಡಬಲ ಎರಡನ್ನೂ ತೋರಿಸಿದ ಆ ಜಿಪುಣ ಜಾಣತನಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಎರಡನೆಯದು ಭಯ ಹುಟ್ಟಿಸಿತು. ಕೀಲಿಕೈ ನನ್ನ ಜೇಬಿನಲ್ಲಿದೆ, ಹಜಾರ್ಡ್ ಆನ್ ಇದೆ, ಇಂಡಿಕೇಟರ್ ಕಡ್ಡಿ ಎಡಕ್ಕೆ ಮರೆತು ಬಿಟ್ಟಿದೆ. ಪ್ರತಿ ಮಿಟುಕಿಗೂ ಡೀಸೆಲ್ ಮುಳ್ಳು ಜಿಗಿಯುತ್ತಿತ್ತು. ಆಫ್ ಆಗಿರುವ ಗಾಡಿಯ ಮೀಟರ್ ಯಾಕೆ ಎದ್ದು ಕೂರಬೇಕು?

ಈ ಪ್ರಶ್ನೆ ಹೊತ್ತುಕೊಂಡು ಜೀಪನ್ನು ಹರಿಹರದ ವೈರಿಂಗ್ ಮಿಸ್ತ್ರಿಯೊಬ್ಬರ ಹತ್ತಿರ ಒಯ್ದೆ. ಅರವತ್ತು ದಾಟಿದವರು. ಅವರ ಉಪಕರಣ ಒಂದು ಬಲ್ಬ್ ಹೋಲ್ಡರ್, ಎರಡು ವೈರ್, ತುದಿಗೊಂದು ಮೊಳೆ. ಅದೇ ಟೆಸ್ಟ್ ಲ್ಯಾಂಪ್. ನಾನು ಮಲ್ಟಿಮೀಟರ್ ತೆಗೆದಾಗ ನಕ್ಕು, “ಇರ್ಲಿ ಇಟ್ಕೋ, ಚಂದ ಐತಿ” ಎಂದರು. ನನ್ನ ವೈರಿಂಗ್ ನೋಡಿದವರೇ, “ಎರಡು ಫ್ಲಾಶರ್ ಯಾಕ ಹಾಕೀಯೋ? ಒಂದ ಮನಿಗೆ ಇಬ್ರು ಯಜಮಾನ್ರು ಆದ್ರ ಹಿಂಗ ಆಗೋದು” ಎಂದರು.

ಹೊಸ ಫ್ಲಾಶರಿನಿಂದ ಎಡ ವೈರಿಗೆ ಬಂದ ಕರೆಂಟು, ಎಡಕ್ಕೆ ತಿರುಗಿದ್ದ ಕಡ್ಡಿಯ ಮೂಲಕ ಹಿಮ್ಮುಖವಾಗಿ ಹತ್ತಿ, ಹಳೆ ಫ್ಲಾಶರ್ ದಾಟಿ, ಕೀಲಿಯ ಆಚೆಗಿನ ಫ್ಯೂಸಿಗೆ ಹೋಗಿ ಮೀಟರನ್ನು ಎಬ್ಬಿಸುತ್ತಿತ್ತು. ಮೀಟರ್ ಜೊತೆ ಅದೇ ಫ್ಯೂಸಿನಲ್ಲಿರುವ ಎಲ್ಲದಕ್ಕೂ ಕದ್ದು ನೀರು ಹಾಯಿಸಿದಂತೆ. ಮಿಸ್ತ್ರಿಯ ಪರಿಹಾರ: ಎರಡು ಫ್ಲಾಶರನ್ನೂ ಕಿತ್ತು ನಾಲ್ಕು ಬಲ್ಬಿನ ಭಾರ ತಡೆಯುವ ಎಲೆಕ್ಟ್ರಾನಿಕ್ ಫ್ಲಾಶರ್ ಒಂದೇ ಹಾಕುವುದು, ಕಾರುಗಳಲ್ಲಿ ಬರುವ, ಹಲವು ಪಿನ್ನಿನ ಹಜಾರ್ಡ್ ಸ್ವಿಚ್ ತರುವುದು. ಆ ಸ್ವಿಚ್ ಒತ್ತಿದಾಗ ಮೂರು ಕೆಲಸ ಒಟ್ಟಿಗೆ ಆಗುತ್ತವೆ. ಫ್ಲಾಶರಿಗೆ ಕೀಲಿಯ ಕಡೆಯಿಂದ ಬರುವ ಕರೆಂಟು ಕಡಿಯುತ್ತದೆ, ಬ್ಯಾಟರಿಯ ನೇರ ಕರೆಂಟು ಕೂಡುತ್ತದೆ, ಫ್ಲಾಶರಿನಿಂದ ಹೊರಟದ್ದು ಎಡಕ್ಕೂ ಬಲಕ್ಕೂ ಹೋಗುತ್ತದೆ. ಕೀಲಿಯ ದಾರಿ ಕಡಿದ ಮೇಲೆ ಹಿಂದಕ್ಕೆ ಹರಿಯುವುದಕ್ಕೆ ಜಾಗವೇ ಇಲ್ಲ. ಸ್ವಿಚ್ಚಿನಲ್ಲೇ ಒಂದು ಕೆಂಪು ಮಿಣುಕು ಇರುವುದರಿಂದ ಹಸಿರು ಪುಟಾಣಿಯ ಚಿಂತೆಯೂ ಹೋಯಿತು.

ಎಲೆಕ್ಟ್ರಾನಿಕ್ ಫ್ಲಾಶರ್ ಯಾಕೆಂದು ಕೇಳಿದೆ. ಮಿಸ್ತ್ರಿ ಹಳೆಯದನ್ನು ಕಟಿಂಗ್ ಪ್ಲೇಯರಿನಿಂದ ಬಿಚ್ಚಿ ಒಳಗಿನ ತೆಳು ಪಟ್ಟಿ ತೋರಿಸಿದರು. ಕರೆಂಟು ಹರಿದಾಗ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಸಂಪರ್ಕ ಬಿಡುತ್ತದೆ. ತಣ್ಣಗಾದಾಗ ಮತ್ತೆ ಕೂಡುತ್ತದೆ. ಎರಡು ಬಲ್ಬಿನ ಬಿಸಿಗೆ ಲೆಕ್ಕ ಹಾಕಿ ಮಾಡಿದ್ದು. ಒಂದು ಬಲ್ಬು ಸುಟ್ಟರೆ ಬಿಸಿ ಸಾಲದೆ ಮಿಟುಕದೇ ನಿಲ್ಲುತ್ತದೆ. ನಾಲ್ಕು ಹಾಕಿದರೆ ಬೇಗ ಬಿಸಿಯಾಗಿ ಹುಚ್ಚು ಹಿಡಿದಂತೆ ಹೊಡೆದುಕೊಳ್ಳುತ್ತದೆ, ಕೊನೆಗೆ ಸಂಪರ್ಕವೇ ಸುಡುತ್ತದೆ. ನಿಯಮದ ಪ್ರಕಾರ ನಿಮಿಷಕ್ಕೆ 60ರಿಂದ 120 ಸಲ ಮಿಟುಕಬೇಕು. ನಮ್ಮದು ಈಗ 84. ಕುಳಿತು ಎಣಿಸಿದ್ದೇನೆ.

ಲೆಕ್ಕ ಇನ್ನೂ ಸ್ವಲ್ಪ ಇದೆ, ಕೈ ಹಾಕುವವರಿಗೆ ಬೇಕಾಗುತ್ತದೆ. ಒಂದೊಂದು ಬಲ್ಬು 21 ವ್ಯಾಟ್. 12 ವೋಲ್ಟಿನಲ್ಲಿ ಒಂದಕ್ಕೆ 1.75 ಆಂಪಿಯರ್, ನಾಲ್ಕಕ್ಕೆ 7. ಹಾಗಾಗಿ 10 ಆಂಪಿಯರ್ ಫ್ಯೂಸ್, ಅದೂ ಬ್ಯಾಟರಿಯ ಹತ್ತಿರವೇ. ದೂರದಲ್ಲಿಟ್ಟರೆ ನಡುವಿನ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದಾಗ ತಡೆಯುವವರು ಯಾರೂ ಇರುವುದಿಲ್ಲ. ಹಳೆ ಜೀಪುಗಳಲ್ಲಿ ಬೆಂಕಿ ಹೊತ್ತುವುದು ಹೆಚ್ಚಾಗಿ ಹೀಗೇ ಎಂದು ಮಿಸ್ತ್ರಿ ಎರಡು ಸಲ ಹೇಳಿದರು. “ಬ್ಯಾಟ್ರಿ ಕುಡಿತೈತಲ್ಲೋ” ಎಂದು ಅಜ್ಜ ಗೊಣಗಿದರು. ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್ ಆದ್ದರಿಂದ ಸರಾಸರಿ ಮೂರೂವರೆ ಆಂಪಿಯರ್. ಎರಡು ಗಂಟೆ ನಿಂತರೂ 7 ಆಂಪಿಯರ್-ಅವರ್. ಆರೋಗ್ಯವಾಗಿರುವ ಜೀಪಿನ ಬ್ಯಾಟರಿಗೆ ಅದು ದೊಡ್ಡದಲ್ಲ.

ಎಲ್ಲ ಮುಗಿಯಿತು ಅಂದುಕೊಂಡರೆ ಹಿಂದಿನ ಬಲಗಡೆ ಬಲ್ಬು ಮಂಕು. ಇಂಡಿಕೇಟರ್ ಹೊಡೆದಾಗಲೆಲ್ಲ ಪಕ್ಕದ ಟೇಲ್ ಲ್ಯಾಂಪೂ ಜೊತೆಗೆ ಕುಗ್ಗುತ್ತಿತ್ತು. ಮಿಸ್ತ್ರಿ ಬಲ್ಬಿನ ಕಡೆ ನೋಡಲೇ ಇಲ್ಲ. ಒಂದು ಉದ್ದ ವೈರನ್ನು ಬ್ಯಾಟರಿಯ ಮೈನಸ್‌ನಿಂದ ತಂದು ದೀಪದ ಡಬ್ಬಿಗೆ ಮುಟ್ಟಿಸಿದರು. ಬಲ್ಬು ಫಳ್ ಎಂದಿತು. ಅರ್ಥ್ ಹೋಗಿತ್ತು. ಜೀಪಿನಲ್ಲಿ ಕರೆಂಟು ವಾಪಸ್ಸು ಬರುವುದು ತಗಡಿನ ಮೈಯ ಮೂಲಕ. ಮೂರು ದಶಕದ ತುಕ್ಕು, ಅದರ ಮೇಲೆ ದೊಡ್ಡಪ್ಪ ಬಳಿಸಿದ ಎರಡು ಕೋಟ್ ಪೇಂಟು. ಬೋಲ್ಟಿಗೂ ತಗಡಿಗೂ ಮಾತೇ ಇರಲಿಲ್ಲ. ನನ್ನ ಮಲ್ಟಿಮೀಟರ್ ಅಲ್ಲಿ 9 ವೋಲ್ಟ್ ತೋರಿಸಿತು. ವೋಲ್ಟೇಜ್ ಕಾಲುಭಾಗ ಇಳಿದರೆ ಬಲ್ಬಿನ ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಪಾಲಿಶ್ ಪೇಪರಿನಿಂದ ತಗಡು ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದೆವು. ನಾನು ಹಾಕಿದ ಹೊಸ ಸಾಮಾನಿಗಿಂತ ಹೆಚ್ಚು ಬೆಳಕು ಕೊಟ್ಟದ್ದು ಈ ಉಜ್ಜಾಟ. ಹಳೆ ಗಾಡಿಗೆ ಏನನ್ನಾದರೂ ಸೇರಿಸುವ ಮೊದಲು ಅರ್ಥ್ ನೋಡಿ. ಇದನ್ನು ನಾನು ಮೊದಲ ದಿನವೇ ಮಾಡಬೇಕಿತ್ತು.

ಅಜ್ಜನ ಷರತ್ತು ಬಾಕಿ ಇತ್ತಲ್ಲ? ಮಿಸ್ತ್ರಿಯ ಪಕ್ಕದ ಶೆಡ್ಡಿನಲ್ಲಿ ಒಬ್ಬ ಹಿರಿಯರು ಲೇತ್ ಇಟ್ಟುಕೊಂಡಿದ್ದಾರೆ. ಹರಿಹರದಲ್ಲಿ 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವರು. ಕಾರ್ಖಾನೆ ಮುಚ್ಚಿದೆ, ಕೈ ಮುಚ್ಚಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಮೊದಲೇ ಇದ್ದ ಬೋಲ್ಟಿಗೇ ಕೂರುವಂಥ ಒಂದು ಪಟ್ಟಿಯನ್ನು ಅರ್ಧ ಗಂಟೆಯಲ್ಲಿ ಬಾಗಿಸಿ, ಸ್ವಿಚ್ಚಿಗೆ ಚೌಕ ಕೊರೆದು ಕೊಟ್ಟರು. ಒಂದು ತೂತೂ ಬೀಳಲಿಲ್ಲ. ಬೇಡವೆಂದರೆ ಒಂದು ಬೋಲ್ಟ್ ಬಿಚ್ಚಿದರೆ ಜೀಪು ಮತ್ತೆ 1991ಕ್ಕೆ ಹೋಗುತ್ತದೆ. ವ್ಯರ್ಥವಾದ ಮೊದಲ ಸ್ವಿಚ್ಚುಗಳೂ ಸೇರಿ ಸಾಮಾನಿಗೆ ಖರ್ಚಾದದ್ದು 900 ರೂಪಾಯಿ. ಮಿಸ್ತ್ರಿ ಕೂಲಿ ಬೇರೆ.

ಇದರ ಜೊತೆ ಮಡಚುವ ಪ್ರತಿಫಲಕ ತ್ರಿಕೋನವೊಂದನ್ನೂ ಕೊಂಡು ಸೀಟಿನ ಕೆಳಗೆ ಇಟ್ಟಿದ್ದೇನೆ. ಬ್ಯಾಟರಿಯೇ ಸತ್ತಾಗ ನಾಲ್ಕು ದೀಪ ಇದ್ದೇನು ಫಲ? ಅದನ್ನು ಗಾಡಿಯ ಬೆನ್ನಿಗೇ ಇಡುವುದಲ್ಲ, 48 ಮೀಟರಿನ ಲೆಕ್ಕ ನೆನಪಿಟ್ಟುಕೊಂಡು ಹಿಂದಕ್ಕೆ ನಡೆದು ಇಡಬೇಕು. ಇನ್ನು ಈ ಬಟನ್ ಇರುವ ಗೆಳೆಯರಿಗೆ ಒಂದು ಮಾತು. ಸರ್ಕಲ್ಲಿನಲ್ಲಿ ನೇರ ಹೋಗುತ್ತೇನೆ ಎಂದು ತೋರಿಸುವುದಕ್ಕೆ ನಾಲ್ಕೂ ಹಾಕುವವರನ್ನು ದಾವಣಗೆರೆಯಲ್ಲಿ ದಿನಾ ನೋಡುತ್ತೇನೆ. ಪಕ್ಕದಲ್ಲಿ ಬಸ್ಸು ಮರೆಯಾಗಿದ್ದರೆ ನಿಮ್ಮ ಒಂದೇ ಕಡೆಯ ದೀಪ ಕಾಣುತ್ತದೆ, ನೋಡುವವನಿಗೆ ನೀವು ತಿರುಗುತ್ತಿದ್ದೀರಿ ಅಂತಲೇ ಅರ್ಥ. ಜೋರು ಮಳೆಯಲ್ಲಿ ಹಾಕಿಕೊಂಡೇ ಓಡಿಸುವವರೂ ಇದ್ದಾರೆ. ಓಡುತ್ತಿರುವ ಗಾಡಿ, ನಿಂತ ಗಾಡಿ ಎರಡೂ ಒಂದೇ ಥರ ಮಿಟುಕಿದರೆ ನಿಜವಾಗಿ ಕೆಟ್ಟು ನಿಂತವನನ್ನು ಯಾರು ನಂಬುತ್ತಾರೆ? ನೇರ ಹೋಗುವುದಕ್ಕೆ ಯಾವ ದೀಪವೂ ಬೇಡ.

ಫೆಬ್ರುವರಿಯಲ್ಲಿ ಜೀಪು ಮತ್ತೆ ನಿಂತಿತು. ಈ ಸಲ ಪಂಕ್ಚರ್, ರಾತ್ರಿ ಎಂಟರ ಹೊತ್ತು. ಸ್ವಿಚ್ ಒತ್ತಿ ಹಿಂದಕ್ಕೆ ನಡೆಯುತ್ತಾ ಹೋದೆ. ಎಷ್ಟು ದೂರ ಹೋದರೂ ಎರಡು ಕಿತ್ತಳೆ ಚುಕ್ಕಿಗಳು ಕಾಣುತ್ತಲೇ ಇದ್ದವು. ಒಂದು ಬೈಕು ದೂರದಲ್ಲೇ ವೇಗ ತಗ್ಗಿಸಿ ಬಲಕ್ಕೆ ಸರಿದು ದಾಟಿತು. ತ್ರಿಕೋನ ಇಟ್ಟು ವಾಪಸ್ಸು ಬಂದರೆ ದೊಡ್ಡಪ್ಪ ರೂಢಿಯಂತೆ ಎರಡು ಕಲ್ಲು ತಂದು ಇಟ್ಟಿದ್ದರು. ನಾನೇನೂ ಹೇಳಲಿಲ್ಲ. ಅವರೇ ಒಂದು ಕ್ಷಣ ನೋಡಿ, ಎರಡನ್ನೂ ಎತ್ತಿ ಕಾಲುವೆಗೆ ಎಸೆದರು.

ಹೋದ ತಿಂಗಳು ಆ ಹುಡುಗ ನಮ್ಮ ಮನೆಗೆ ಬಂದಿದ್ದ. ಮುಂದಿನ ನೇಮಕಾತಿಗೆ ಕಾಯುತ್ತಿದ್ದಾನೆ, ಓಡುವುದನ್ನು ಮತ್ತೆ ಶುರು ಮಾಡಿದ್ದಾನೆ; ಗುಂಡೆಸೆಯುವಾಗ ಮಾತ್ರ ಮೈಯ ಸಮತೋಲ ಇನ್ನೂ ಕೂಡುತ್ತಿಲ್ಲವಂತೆ. ನಾನು ಮತ್ತೆ ಕ್ಷಮೆ ಕೇಳುವುದಕ್ಕೆ ಬಾಯಿ ತೆರೆದೆ. ಅವನು ಅದಕ್ಕೆ ಎಡೆ ಕೊಡಲಿಲ್ಲ.

“ಜೀಪಿಗೆ ನಾಕೂ ಇಂಡಿಕೇಟರ್ ಹಾಕೀಯಂತಲ್ಲ. ನಮ್ಮಪ್ಪನ ಟ್ರೈಲರ್‌ಗೆ ಹಾಕಾಕ ಬರ್ತೈತೇನು? ಅದಕ್ಕ ಹಿಂದ ಒಂದೂ ಲೈಟಿಲ್ಲ.”

ಟ್ರ್ಯಾಕ್ಟರಿನ ನಾಲ್ಕು, ಟ್ರೈಲರಿನ ಎರಡು, ಒಟ್ಟು ಆರು ಬಲ್ಬು. 126 ವ್ಯಾಟ್, ಹತ್ತೂವರೆ ಆಂಪಿಯರ್. ಜೀಪಿನ ಫ್ಲಾಶರೂ ಸಾಲದು, 10ರ ಫ್ಯೂಸೂ ಸಾಲದು. ಟ್ರೈಲರ್ ಕಳಚಿದಾಗ ವೈರೂ ಕಳಚುವಂತೆ ನಡುವೆ ಪ್ಲಗ್ ಬೇಕು. ಅರ್ಥ್‌ಗೆ ಕೊಂಡಿಯನ್ನು ನಂಬುವಂತಿಲ್ಲ, ಬೇರೆ ವೈರನ್ನೇ ಎಳೆಯಬೇಕು. ಇವನ್ನೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡು ಭಾನುವಾರ ಅವರ ಕಣಕ್ಕೆ ಹೋದೆ. ಅವನು ಟ್ರೈಲರಿನ ಪಕ್ಕ ಹೆಜ್ಜೆ ಹಾಕುತ್ತಾ ಉದ್ದ ಅಳೆದ. ಎಡ ಭುಜ ಇನ್ನೂ ಸ್ವಲ್ಪ ತಗ್ಗಿಯೇ ಇದೆ.

“ಐದು ಮೀಟರ್ ವೈರ್ ಸಾಕೇನು?”

“ಏಳು ತಗೊಂಡು ಬಾ” ಎಂದೆ. “ತಿರುವಿನ್ಯಾಗ ಎಳಿತೈತಿ.”